ಗ್ರಾಶಿಯ ಹೆಸರಿಗೆ ಬಂದ ಡಾಲರ್

ಕಾರ್ಸನ್ ಸಿಟಿ
ಬುಧವಾರ, ನವೆಂಬರ್ 11, 2009

ಮುದ್ದು ಗ್ರಾಶಿ,

ಅಲ್ಲ, ನಿನ್ನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತೀರಾ ಗಿಡ್ಡವಾಯಿತು. ನಿನ್ನೆ ಫೋನ್ ಇಟ್ಟ ಮೇಲೆ ಅದನ್ನೇ ಯೋಚಿಸುತ್ತ ಅಡುಗೆಮನೆಯಲ್ಲಿ ನಿಂತಿದ್ದೆ, ಸೂಪು ಉಕ್ಕಿ ಒಲೆಯ ತುಂಬ ಹರಿಯಿತು. ಅಮ್ಮನ ಹೊಲಿಗೆ ಯಂತ್ರದ ಮಾತು ಮುಗಿದ ಮೇಲೆ ನೀನು, “ಅಪ್ಪ, ಅಮ್ಮ ಕೊನೇಲಿ ನನ್ನ ವಿಷಯ ಏನಾದ್ರೂ ಹೇಳಿದ್ಲಾ?” ಅಂದೆ. ನಾನು, “ಇಲ್ಲಮ್ಮ, ಮಾತೇ ನಿಂತುಹೋಗಿತ್ತಲ್ಲ” ಅಂದೆ. ಅಂದವನು ತಕ್ಷಣ ನಿಮ್ಮ ವಿನ್ನೆಮಕ್ಕದಲ್ಲಿ ಹಿಮ ಬಿತ್ತಾ ಅಂತ ಕೇಳಿದೆ. ಬಿತ್ತು, ನಾನು ಓಡಿಸೋ ಶಾಲೆಯ ಬಸ್ಸು ಜಾರದ ಹಾಗೆ ಚಕ್ರಕ್ಕೆ ಸರಪಳಿ ಕಟ್ಟೋ ಹೊತ್ತಿಗೆ ಬೆರಳು ಮರಗಟ್ಟಿತು ಅಂದೆ ನೀನು. ಬೆರಳಿಗೆ ಏನಾದರೂ ಹಚ್ಚು. ಅಮ್ಮನ ಮುಲಾಮಿನ ಡಬ್ಬ ಇಲ್ಲೇ ಇದೆ, ಯಂತ್ರದ ಜೊತೆ ಕಳಿಸುತ್ತೇನೆ.

ಫೋನಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸೈನ್ಯದವರು ಕೊಟ್ಟ ದುಡ್ಡಿನಲ್ಲಿ ರೀನೋ ಕಾಲೇಜಿನಲ್ಲಿ ಒಂದೂವರೆ ವರ್ಷ ಇಂಗ್ಲಿಷ್ ಓದಿದವನು ನಾನು. ಮನೆಯಲ್ಲಿ ನನ್ನ ಅಪ್ಪ ಯುರೋಪಿನಿಂದ ಹೊತ್ತು ತಂದ ಬಾಸ್ಕ್ ಭಾಷೆ, ಕುರಿಗಳ ಹಿಂದೆ ಬಾಸ್ಕ್, ಕಾಲೇಜಿನಲ್ಲಿ ಮಾತ್ರ ಮೇಷ್ಟರಮ್ಮನ ಇಂಗ್ಲಿಷ್. ಪೆಯೋ ಹೋಗಿ ಪೀಟ್ ಆದದ್ದೂ ಅಲ್ಲೇ. ಒಳ್ಳೆಯ ಪತ್ರಕ್ಕೆ ಮೂರು ನಿಯಮ ಎಂದು ಆಕೆ ಬೋರ್ಡಿನ ಮೇಲೆ ಬರೆಸಿದ್ದರು. ಎರಡು ಮರೆತಿವೆ. ಉಳಿದದ್ದು, ವಿಷಯ ಎರಡನೇ ಪ್ಯಾರಾದೊಳಗೆ ಬರಬೇಕು ಎಂಬುದು. ಇದೇ ಎರಡನೆಯದು. ಆದ್ದರಿಂದ ಕೇಳು: ಎಂಟು ವರ್ಷದಿಂದ ಈ ಊರಿನಲ್ಲಿ ಒಂದು ಮಾತು ನಿನ್ನ ತಲೆಯ ಮೇಲಿದೆ. ಸರಕಾರದ ಡಬ್ಬಿಯನ್ನು ಬಿಚ್ಚಿ, ಒಳ್ಳೆಯ ಡಾಲರನ್ನು ಮಾರಿಕೊಂಡು, ಬೇರೊಂದನ್ನು ಅದರಲ್ಲಿ ಕೂರಿಸಿದವಳು ನೀನು ಎಂಬ ಮಾತು. ಅಮ್ಮ ಅದನ್ನು ನಂಬಿಕೊಂಡೇ ಹೋದಳು. ಆ ಮಾತನ್ನು ನಿನ್ನ ತಲೆಯಿಂದ ಇಳಿಸಲು ಕೂತಿದ್ದೇನೆ. ಎಷ್ಟು ಹೊತ್ತು ಹಿಡಿಯುತ್ತದೋ ಗೊತ್ತಿಲ್ಲ. ಇವತ್ತು ಮಾಜಿ ಸೈನಿಕರ ದಿನ, ಅಂಚೆಗೆ ರಜೆ. ಬೀದಿ ಕೊನೆಯ ಹೋಟೆಲಿನಲ್ಲಿ ನಮ್ಮಂಥವರಿಗೆ ಇವತ್ತು ಪುಕ್ಕಟೆ ಊಟ. ಹೋಗಲಿಲ್ಲ.

ಮೊದಲಿನಿಂದ ಹೇಳುತ್ತೇನೆ, ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ತಾಳಿಕೋ.

ನಿನಗಾಗ ಒಂಬತ್ತು ವರ್ಷ. ನಮ್ಮೂರ ಟಂಕಸಾಲೆಯಲ್ಲಿ ಹೊಡೆದ ಬೆಳ್ಳಿ ಡಾಲರುಗಳು ವಾಷಿಂಗ್ಟನ್ನಿನ ಖಜಾನೆಯಲ್ಲಿ ಚೀಲಗಟ್ಟಲೆ ಬಿದ್ದಿದ್ದವು. ಒಂದಕ್ಕೂ ಮನುಷ್ಯರ ಕೈ ತಾಗಿರಲಿಲ್ಲ. ಸರಕಾರ ಅವನ್ನು ಅಂಚೆಯ ಹರಾಜಿಗೆ ಹಾಕಿತು. ಒಂದೊಂದನ್ನೂ ಗಟ್ಟಿ ಪ್ಲಾಸ್ಟಿಕ್ಕಿನ ಚಪ್ಪಟೆ ಡಬ್ಬಿಯಲ್ಲಿ ಒತ್ತಿ ಕೂರಿಸಿ, ಅದನ್ನು ಕಪ್ಪು ಪೆಟ್ಟಿಗೆಯಲ್ಲಿಟ್ಟು, ಜೊತೆಗೆ ನಂಬರು ಹಾಕಿದ ಕಾರ್ಡು. ನನ್ನ ಅಪ್ಪನಿಗೆ ಕುರಿಯ ಯಜಮಾನ ಸಂಬಳವನ್ನು ಬೆಳ್ಳಿ ಡಾಲರಿನಲ್ಲೇ ಕೊಡುತ್ತಿದ್ದ. ಅಪ್ಪ ಒಂದೊಂದನ್ನೂ ಕಲ್ಲಿನ ಮೇಲೆ ಕುಟ್ಟಿ, ನಾದ ಕೇಳಿ, ಹಲ್ಲಿನಲ್ಲಿ ಕಚ್ಚಿ ಜೇಬಿಗಿಳಿಸುತ್ತಿದ್ದ. ಅವನ ಡಾಲರುಗಳ ಮುಖವೆಲ್ಲ ಸವೆದು, ಹೆಂಗಸೋ ಗಂಡಸೋ ತಿಳಿಯುತ್ತಿರಲಿಲ್ಲ. ಅಂಥವನ ಮಗ ನಾನು. ಯಾರ ಬೆವರೂ ಅಂಟದ ಡಾಲರು, ಅದೂ ನಮ್ಮ ಮನೆಯಿಂದ ಎಂಟು ಬೀದಿ ಆಚೆ ಹುಟ್ಟಿದ್ದು, ಅಂಚೆಯಲ್ಲಿ ವಾಪಸ್ಸು ಊರಿಗೆ ಬರುತ್ತದೆ ಅಂದರೆ ನನಗೆ ಹೇಗಾಗಿರಬೇಡ!

ಆದರೆ ಒಬ್ಬರಿಗೆ ಒಂದೇ ಎಂದು ನಿಯಮ. ಊರಲ್ಲಿ ಆ ನಿಯಮ ಓದಿ ನಗದವರಿಲ್ಲ. ನಾಯಿಯ ಹೆಸರಲ್ಲಿ ಅರ್ಜಿ ಹಾಕಿದವರಿದ್ದರು. ನಮ್ಮ ನಾಣ್ಯ ಸಂಘದ ಹಾರ್ಲನ್ ಪ್ರೂಟ್ ತನ್ನ ಅತ್ತೆಯ ಹೆಸರಲ್ಲಿ ಹಾಕಿದ; ಡಾಲರು ಬಂದ ಮೇಲೆ ಅತ್ತೆ, “ನನ್ನ ಹೆಸರಿಗೆ ಬಂದಿದ್ದು ನಂದು” ಅಂತ ಕೂತುಬಿಟ್ಟಳು. ಅದನ್ನು ಬಿಡಿಸಿಕೊಳ್ಳಲು ಮೂರು ವಾರ ಅವಳ ಕಾರು ಓಡಿಸಿದ. ನಾನು 1879ರ ಡಾಲರಿಗೆ ಎರಡು ಅರ್ಜಿ ಹಾಕಿದೆ, ಒಂದು ನನ್ನದು, ಒಂದು ನಿನ್ನದು. ಪತ್ರವನ್ನು ಯಾರೂ ಕೇಳಿರಲಿಲ್ಲ, ಆದರೂ ಕಾಲೇಜಿನ ಇಂಗ್ಲಿಷನ್ನೆಲ್ಲ ಕೆದಕಿ ಒಂದು ಬರೆದು, ಕೊನೆಯಲ್ಲಿ ‘ತಮ್ಮ ಅತ್ಯಂತ ವಿಧೇಯ ಸೇವಕಿ, ಗ್ರಾಶಿಯಾನ ಇರಿಬಾರ್ನ್’ ಎಂದು ಹಾಕಿದೆ. ಅಮ್ಮ ಅದನ್ನು ಓದಿ ಮೇಜು ಹಿಡಿದುಕೊಂಡು ನಕ್ಕಳು. “ವಿಧೇಯಳಂತೆ! ಹಲ್ಲುಜ್ಜೇ ಅಂದ್ರೆ ಉಜ್ಜಲ್ಲ, ಸರಕಾರಕ್ಕೆ ಸೇವಕಿಯಂತೆ!” ಅರ್ಜಿಯ ಹಣಕ್ಕೆ ನಮ್ಮ ಪ್ರವಾಸದ ಟ್ರೇಲರ್ ಮಾರಿದೆ. “ನಾಲ್ಕು ಜನ ಮಲಗೋ ಗಾಡಿ ಕೊಟ್ಟು ಎರಡು ಬಿಲ್ಲೆ ತಂದ ಮಹಾರಾಯ ನನ್ನ ಗಂಡ” ಎಂದು ಅವಳು ಚರ್ಚಿನಲ್ಲಿ ಇಪ್ಪತ್ತು ವರ್ಷ ಹೇಳಿಕೊಂಡು ತಿರುಗಿದಳು.

ಎರಡೂ ಒಂದೇ ದಿನ ಬಂದವು. ನಿನ್ನ ರಟ್ಟಿನ ಪೆಟ್ಟಿಗೆಯ ಮೇಲೆ ನಿನ್ನ ಹೆಸರನ್ನು ಟೈಪು ಮಾಡಿದ್ದರು. ನೀನು ಅದನ್ನು ಎದೆಗೆ ಅವುಚಿಕೊಂಡು, “ಸರಕಾರ ನಂಗೆ ಕಾಗದ ಹಾಕಿದೆ!” ಅಂತ ಬೀದಿಯ ಮನೆಮನೆಗೂ ಹೋದೆ. ನಾನು “ಅಲ್ಲಾಡಿಸ್ಬೇಡ, ಅಲ್ಲಾಡಿಸ್ಬೇಡ” ಎಂದು ಹಿಂದೆ ಓಡಿದೆ. ಸಂಜೆ ನಿನ್ನ ಕೈಯಿಂದ ಅದನ್ನು ಇಸಿದುಕೊಂಡು, ಮದುವೆಯ ದಿನ ಕೊಡುತ್ತೇನೆ ಎಂದು ಮಾತು ಕೊಟ್ಟೆ. ಆ ವಾರವೇ ಎರಡನ್ನೂ ಸಂಘಕ್ಕೆ ಒಯ್ದು ತೋರಿಸಿದೆ. ಹಾರ್ಲನ್ ನಿನ್ನದನ್ನು ಕೈಯಲ್ಲಿ ಹಿಡಿದವನು ಅರ್ಧ ಗಂಟೆ ಕೆಳಗಿಡಲಿಲ್ಲ.

ಯಾಕೆಂದರೆ ಎರಡೂ ಒಂದೇ ಥರದವಾಗಿರಲಿಲ್ಲ. ಹಿಂಬದಿಯಲ್ಲಿ ಹದ್ದಿನ ಕೆಳಗೆ ನಮ್ಮೂರಿನ ಗುರುತು, ಎರಡು ‘ಸಿ’. ನನ್ನ ಹೆಸರಿಗೆ ಬಂದದ್ದರಲ್ಲಿ ಆ ಎರಡೂ ಕಲಸಿಕೊಂಡಿದ್ದವು. ಟಂಕಸಾಲೆಯವರು ಮೊದಲು ಚಿಕ್ಕದಾಗಿ ಕೆತ್ತಿ, ಸರಿಹೋಗದೆ ಕೆರೆದು, ಅದರ ಮೇಲೇ ದೊಡ್ಡದಾಗಿ ಕೆತ್ತಿದ ಅಚ್ಚು ಅದು. ಸುತ್ತ ತುಕ್ಕು ಹಿಡಿದ ಹಾಗೆ ಒರಟು. ನಿನ್ನದರಲ್ಲಿ ಎರಡೂ ಅಕ್ಷರ ನಿಚ್ಚಳ. ಸಂಗ್ರಹಿಸುವವರು ಆ ನಿಚ್ಚಳದ್ದಕ್ಕೇ ಸಾಯುತ್ತಾರೆ. ನಾನೋ ಹೆದ್ದಾರಿ ಇಲಾಖೆಯಲ್ಲಿ ಬೋರ್ಡು ಬರೆಯುವವನು. ದಿನವೆಲ್ಲ ಅಕ್ಷರ ತಿದ್ದುವವನ ಮನೆಗೆ ಕಲಸಿದ ಅಕ್ಷರ ಬಂದರೆ ಮೈ ಉರಿಯದೆ ಇರುತ್ತದೆಯೇ? ಸ್ವಂತ ಮಗಳ ಮೇಲೆ, ಒಂಬತ್ತು ವರ್ಷದವಳ ಮೇಲೆ, ಹೊಟ್ಟೆಕಿಚ್ಚು ಪಟ್ಟ ಅಪ್ಪ ಇನ್ನೊಬ್ಬನಿದ್ದರೆ ತೋರಿಸು. ಇಪ್ಪತ್ತೊಂದು ವರ್ಷ ಪ್ರತಿ ಭಾನುವಾರ ಎರಡು ಪೆಟ್ಟಿಗೆಯನ್ನೂ ತೆರೆಯುತ್ತಿದ್ದೆ. ನೋಡುತ್ತಿದ್ದದ್ದು ಒಂದನ್ನೇ.

ನೆರೆಮನೆಯ ಆಕೆ ಈಗ ತಾನೇ ಗಾಜಿನ ತಟ್ಟೆಯಲ್ಲಿ ಏನೋ ಬೇಯಿಸಿ ತಂದುಕೊಟ್ಟು ಹೋದಳು. ಹೆಂಡತಿ ಸತ್ತವನಿಗೆ ಈ ಊರು ಏಳು ತಿಂಗಳು ಚೀಸು ತಿನ್ನಿಸುತ್ತದೆ. ಎಲ್ಲಿದ್ದೆ? ಹಾಂ, ಭಾನುವಾರ.

ಡಸ್ಟಿಯ ಜೊತೆ ನಿನ್ನ ಮದುವೆ ಗೊತ್ತಾಯಿತು. ಕುದುರೆ ಕೊಂಡು ಮಾರುವ ಹುಡುಗ, ನನಗೆ ಅಷ್ಟಾಗಿ ಹಿಡಿಸಿರಲಿಲ್ಲ. ಆದರೆ ನಾನು ಮಾಡಿದ್ದಕ್ಕೆ ಅವನನ್ನು ಕಾರಣ ಮಾಡುವುದಿಲ್ಲ. ಗಾರ್ಡ್ನರ್‌ವಿಲ್‌ನ ಬಾಸ್ಕ್ ಊಟದ ಮನೆಯಲ್ಲಿ ಉದ್ದ ಮೇಜಿನ ಸುತ್ತ ಕೂತಿದ್ದಾಗ ನೀನು ಎಲ್ಲರ ಎದುರು, “ಅಪ್ಪ, ನನ್ನ ಡಾಲರು ಈಗ್ಲಾದ್ರೂ ಕೊಡ್ತೀಯಾ, ಇಲ್ಲಾ ಮೊಮ್ಮಗಳ ಮದುವೆಗಾ?” ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕು, ಕುರಿಮಾಂಸದ ಬಟ್ಟಲನ್ನು ಮುಂದೆ ದಾಟಿಸಿದೆ.

ಮರುವಾರ ಅಮ್ಮ ಚರ್ಚಿನ ಹಳೇ ಬಟ್ಟೆ ಮಾರಾಟಕ್ಕೆ ಹೋದ ಮಧ್ಯಾಹ್ನ, ಅವಳ ಕೂದಲೊಣಗಿಸುವ ಯಂತ್ರದಿಂದ ನಿನ್ನ ಡಬ್ಬಿಯ ಅಂಚನ್ನು ಬಿಸಿ ಮಾಡಿದೆ. ಕೆಲಸದ ಶೆಡ್ಡಿನಿಂದ ತಂದಿದ್ದ ತೆಳು ಅಲಗನ್ನು ಅದರ ಸಂದಿಗೆ ತೂರಿಸಿ ತಿರುವಿದೆ. ಟಕ್ ಅಂದಿತು. ಎರಡನೆಯದನ್ನೂ ಹಾಗೇ ಬಿಚ್ಚಿದೆ. ಹತ್ತಿಯ ಕೈಗವಸಿನಲ್ಲಿ ಹಿಡಿದು ಅದರದ್ದನ್ನು ಇದಕ್ಕೆ, ಇದರದ್ದನ್ನು ಅದಕ್ಕೆ ಕೂರಿಸಿ ಮತ್ತೆ ಒತ್ತಿದೆ. ಒಂದೇ ವರ್ಷದ್ದು, ಒಂದೇ ಊರಿನದ್ದು, ಒಂದೇ ಸರಕಾರದ ಡಬ್ಬಿ. ಹುಡುಗಿಗೆ ಏನು ಗೊತ್ತಾಗುತ್ತದೆ, ಏನು ನಷ್ಟ ಎಂದುಕೊಂಡೆ. ಎರಡು ಡಬ್ಬಿಯ ಮೂಲೆಯಲ್ಲೂ ಕೂದಲೆಳೆಯಷ್ಟು ಬಿಳಿ ಗೆರೆ ಬಿತ್ತು. ಮದುವೆಯ ದಿನ ಎಲ್ಲರ ಮುಂದೆ ನಿನಗೆ ನಿನ್ನ ಪೆಟ್ಟಿಗೆ, ನಿನ್ನ ಕಾರ್ಡು, ನಿನ್ನ ಹೆಸರಿನ ರಟ್ಟು, ಎಲ್ಲ ಕೊಟ್ಟೆ. ನೀನು ನನ್ನ ಕತ್ತು ತಬ್ಬಿಕೊಂಡೆ.

ಬರೆದಾಯಿತು. ಕೈ ಏನೂ ಬಿದ್ದುಹೋಗಲಿಲ್ಲ.

ನಾನು ಮಾಡಿದ್ದು ಅಷ್ಟೇ ಆಗಿದ್ದರೆ ಕಳ್ಳ ಎನ್ನಿಸಿಕೊಂಡು ಹೇಗೋ ಬದುಕುತ್ತಿದ್ದೆ. 2001ರ ಅಕ್ಟೋಬರಿನಲ್ಲಿ ಸಂಘದ ವಾರ್ಷಿಕ ಪ್ರದರ್ಶನ. ನನಗೆ ಗೊತ್ತಾಗದ ಹಾಗೆ ನೀನು ಅಮ್ಮನ ಜೊತೆ ಸೇರಿಕೊಂಡು ನಿನ್ನ ಹೆಸರಿನಲ್ಲಿ ಒಂದು ಮೇಜು ಹಿಡಿದಿದ್ದೆ. ನೀಲಿ ಬಟ್ಟೆ ಹಾಸಿ, ಮಧ್ಯೆ ಆ ಡಬ್ಬಿ, ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆ ಅವುಚಿಕೊಂಡ ನಿನ್ನ ಹಳೆಯ ಫೋಟೋ, ಕೆಳಗೆ ನಿನ್ನ ಅಕ್ಷರದ ಚೀಟಿ: ‘ಅಪ್ಪ ನನಗೆಂದು ತರಿಸಿದ್ದು.’ ಅದನ್ನು ಕಂಡವನು ಬಾಗಿಲಲ್ಲೇ ನಿಂತುಬಿಟ್ಟೆ. ಖುಷಿಗೆ ಹಾಗಾಯಿತು ಎಂದುಕೊಂಡು ಅಮ್ಮ ಬೆನ್ನು ತಟ್ಟಿದಳು.

ಆಗ ಹಾರ್ಲನ್ನನೇ ತೀರ್ಪುಗಾರ. ಕಣ್ಣಿಗೆ ಗಾಜು ಒತ್ತಿಕೊಂಡು ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಆಮೇಲೆ, “ಇದನ್ನ ಬಿಚ್ಚಿದಾರೆ. ಈ ಮೂಲೆ ನೋಡಿ. ಅದೂ ಅಲ್ದೆ, ಪೀಟ್ ಎಪ್ಪತ್ಮೂರರಲ್ಲಿ ನಂಗೆ ತೋರ್ಸಿದ್ದು ನಿಚ್ಚಳದ್ದು. ಇದಲ್ಲ ಅದು” ಅಂದ. ಹಿಂದಿನಿಂದ ಯಾರೋ, “ಹಂಗಾದ್ರೆ ಒಳ್ಳೇದು ಎಲ್ಲಿ ಮೇಯಕ್ ಹೋಯ್ತೋ” ಅಂದರು. ಇನ್ನೊಬ್ಬರು, “ಗಂಡ ಕುದುರೆ ವ್ಯಾಪಾರಿ ಅಲ್ವಾ, ಹಲ್ಲು ನೋಡ್ದೇ ಬಿಡ್ತಾನಾ” ಅಂದರು. ನಗು. ನೀನು ಬಿಳಿಚಿಕೊಂಡು ನನ್ನ ಕಡೆ ತಿರುಗಿದೆ. “ಅಪ್ಪ, ನೀನು ಕೊಟ್ಟ ಮೇಲೆ ನಾನಿದನ್ನ ಬಿಚ್ಚೇ ಇಲ್ಲ. ಹೇಳು ಇವರಿಗೆ.”

ಮೂವತ್ತು ಜನ ನನ್ನನ್ನು ನೋಡುತ್ತಿದ್ದರು. “ನಾನು ಕೊಟ್ಟಾಗ ಸರಿಯಾಗೇ ಇತ್ತು” ಅಂದೆ.

ನಾಲ್ಕು ಪದ, ಗ್ರಾಶಿ. ಆ ನಾಲ್ಕು ಪದ ನಾನೇ ಹೇಳಿದ್ದು, ಪೂರ್ತಿ ಎಚ್ಚರದಲ್ಲಿ ಹೇಳಿದ್ದು. ನೀನು ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಗೆ ಹೋದೆ. ಅಮ್ಮ ಕೋಟು ಹಾಕಿಕೊಂಡು ಅದನ್ನೂ ಅದರ ಪೆಟ್ಟಿಗೆ, ಕಾರ್ಡು, ರಟ್ಟನ್ನೂ ಚೀಲಕ್ಕೆ ಹಾಕಿದಳು. ಕಾರಿನಲ್ಲಿ, “ದುಡ್ಡು ಬೇಕಿದ್ರೆ ಕೇಳ್ಬಹುದಿತ್ತು. ಅಪ್ಪನ ಮುಖ ನೋಡ್ಕೊಂಡು ಅಷ್ಟು ಜನರ ಮುಂದೆ ಸುಳ್ಳು ಹೇಳೋದಾ! ನಾನು ಹೆತ್ತವಳಾ ಇವಳು?” ಅಂದಳು. ಅವಳಿಗೆ ದುಡ್ಡು ಮುಖ್ಯವಲ್ಲ, ಡಾಲರಂತೂ ಅಲ್ಲವೇ ಅಲ್ಲ. ಸುಳ್ಳು ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ನಾನು ಮನೆಯವರೆಗೂ ಕಾರು ಓಡಿಸಿದೆ.

ನಾಳೆ ಹೇಳೋಣ ಎಂದುಕೊಂಡೆ. ನಾಳೆ ಭಾನುವಾರ, ಚರ್ಚು. ಸೋಮವಾರ ಹೇಳಿದರೆ ಎರಡು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂಬುದನ್ನೂ ಹೇಳಬೇಕು. ಕ್ರಿಸ್‌ಮಸ್ಸಿಗೆ ಹೇಳಿದರೆ ಎರಡು ತಿಂಗಳಿನ ಲೆಕ್ಕ. ಸುಳ್ಳಿಗೂ ವಯಸ್ಸಾಗುತ್ತದೆ, ವಯಸ್ಸಾದ ಮೇಲೆ ಮನೆಯಲ್ಲಿ ಅದಕ್ಕೊಂದು ಕುರ್ಚಿ ಹಾಕಬೇಕಾಗುತ್ತದೆ. ನೀನೂ ಅಮ್ಮನೂ ಹಬ್ಬಕ್ಕೊಂದು ಫೋನು, ಹುಟ್ಟಿದ ದಿನಕ್ಕೊಂದು ಕಾರ್ಡು ಎಂಬಲ್ಲಿಗೆ ಬಂದಿರಿ. ನಾನು ನಡುವೆ ಕೂತು ಇಬ್ಬರ ಯೋಗಕ್ಷೇಮ ಇಬ್ಬರಿಗೂ ಹೇಳುತ್ತಿದ್ದೆ, ದೊಡ್ಡ ಸಂಧಾನಗಾರನ ಹಾಗೆ.

ಡಸ್ಟಿಯ ವಿಷಯವೂ ಇದೆ. ನೀನು ಬಿಚ್ಚಿಲ್ಲ ಎಂದು ನಿನಗೆ ಗೊತ್ತು, ಅಪ್ಪ ಸುಳ್ಳು ಹೇಳುವುದಿಲ್ಲ ಎಂದು ನಂಬಿದ್ದೆ. ಹಾಗಾದರೆ ಮನೆಯಲ್ಲಿ ಉಳಿದವನು ಒಬ್ಬನೇ. ನೀವಿಬ್ಬರೂ ಬೇರೆಯಾಗುವ ಮೊದಲು ಅವನು ನನಗೆ ಫೋನ್ ಮಾಡಿದ್ದ. ನಿನಗೆ ಇದು ಗೊತ್ತಿರಲಿಕ್ಕಿಲ್ಲ. “ಪೀಟ್, ನನ್ನ ಕಂಡ್ರೆ ನಿಮಗಾಗಲ್ಲ, ಇರ್ಲಿ. ಅವಳಿಗೊಂದ್ಮಾತು ಹೇಳಿ, ನಾನು ಅದನ್ನ ಮುಟ್ಟ್ದೋನಲ್ಲ ಅಂತ. ನಿಮ್ಮ ಮಾತು ಕೇಳ್ತಾಳೆ” ಅಂದ. ನಾನು, “ಗಂಡ ಹೆಂಡ್ತಿ ಮಧ್ಯೆ ನಾನು ಬರಲ್ಲಪ್ಪ” ಅಂದೆ.  ಅವನ ಹಿಂದೆ ಕುದುರೆ ಕೆನೆಯುವುದು ಕೇಳಿಸುತ್ತಿತ್ತು.

ನೀನು ಎಲ್ಲವನ್ನೂ ಕೇಳಬಹುದು, ಒಳ್ಳೆಯದನ್ನು ಇಟ್ಟುಕೊಂಡು ನಾನೇನು ಸುಖಪಟ್ಟೆ ಎಂದೂ ಕೇಳಬಹುದು. ಏನೂ ಇಲ್ಲ. ತೋರಿಸುವ ಹಾಗಿಲ್ಲ, ಮಾತನಾಡುವ ಹಾಗಿಲ್ಲ. ಹಾರ್ಲನ್ ಮನೆಗೆ ಬಂದರೆ ಆ ಕೋಣೆಗೆ ಬೀಗ. ಎಂಟು ವರ್ಷದಲ್ಲಿ ನಾಲ್ಕು ಸಲ ನೋಡಿದ್ದೇನೋ ಏನೋ.

ಕಳೆದ ಭಾನುವಾರ ಎರಡು ಡಬ್ಬಿಯನ್ನೂ ಮತ್ತೆ ಬಿಚ್ಚಿದೆ. ಎಪ್ಪತ್ತೇಳರ ಕೈ, ಕೈಗವಸಿನಲ್ಲಿ ಹಿಡಿತ ಸಿಗಲಿಲ್ಲ, ತೆಗೆದು ಬರಿಗೈಯಲ್ಲೇ ಮಾಡಿದೆ. ನಿನ್ನದು ನಿನ್ನ ಡಬ್ಬಿಗೆ ಹೋಯಿತು. ಕೂರಿಸುವಾಗ ಜಾರಿತು, ಹಿಡಿಯಲು ಹೋಗಿ ಡಾಲರಿನಲ್ಲಿರುವ ಹೆಂಗಸಿನ ಕೆನ್ನೆಯ ಮೇಲೆ ನನ್ನ ಹೆಬ್ಬೆರಳು ಪೂರ್ತಿ ಒತ್ತಿತು. ಒರೆಸಲಿಲ್ಲ, ಒರೆಸಿದರೆ ಗೀರು ಬೀಳುತ್ತದೆ. ಕೆಲವು ವರ್ಷದಲ್ಲಿ ಆ ಗುರುತು ಕಂದುಬಣ್ಣಕ್ಕೆ ತಿರುಗುತ್ತದೆ. ಯಾರಾದರೂ ಬಲ್ಲವರು ನೋಡಿದರೆ ಕೆಟ್ಟಿದೆ ಎನ್ನುತ್ತಾರೆ. ಅವರಿಗೆ ಇದು ಅಪ್ಪನ ಕೆಲಸ ಎಂದು ಹೇಳು.

ಸೋಮವಾರ ಹಾರ್ಲನ್ನನ ಮನೆಗೆ ಹೋದೆ. ಅದಕ್ಕೂ ಹಿಂದಿನ ವಾರ ಒಮ್ಮೆ ಹೋಗಿ, ಕುಂಬಳದ ಸಿಹಿ ತಿಂದು, ಅವನ ಮಂಡಿನೋವಿನ ಕತೆ ಕೇಳಿ ವಾಪಸ್ಸಾಗಿದ್ದೆ. ಈ ಸಲ ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. ಅವನು ಕೇಳಿದ ಮೊದಲ ಮಾತು ಏನು ಗೊತ್ತೇ? “ಹಂಗಾದ್ರೆ ಆ ನಿಚ್ಚಳದ್ದು ಇನ್ನೂ ನಿನ್ನ ಹತ್ರಾನೇ ಇದೆಯೇನೋ? ತಂದಿದೀಯಾ? ಗಾಜು ತರ್ತೀನಿ ತಡಿ.” ಆಮೇಲೆ ಕೂತು, “ಎರಡು ಡಬ್ಬೀನೂ ಹಾಳ್ಮಾಡಿದ್ಯಲ್ಲೋ ಮುಠ್ಠಾಳ, ಎರಡೂ!” ಎಂದು ಹಣೆ ಚಚ್ಚಿಕೊಂಡ. ನಾನು, “ಹಾರ್ಲನ್, ನಾನು ಹೇಳ್ತಿರೋದು ಮಗಳ ವಿಷಯ” ಅಂದೆ. ಆಗ ಅವನು ಗಾಜನ್ನು ಕೆಳಗಿಟ್ಟ. ಪ್ರದರ್ಶನದ ದಿನ ಅವನು ಹೊರಗೆ ಬಂದಾಗ ನೀನು ಕಾರುಗಳ ನಡುವೆ ಕಾಯುತ್ತಿದ್ದೆಯಂತೆ. “ಇನ್ನೊಂದ್ಸಲ ನೋಡಿ ಸರ್, ಸರಿಯಾಗಿ ನೋಡಿ, ನಮ್ಮಪ್ಪನ ಮುಖಾನಾದ್ರೂ ನೋಡಿ” ಅಂದೆಯಂತೆ. ಅವನು, ಮುಖ ನೋಡಿ ತೀರ್ಪು ಕೊಡೋದು ನಮ್ಮಲ್ಲಿಲ್ಲಮ್ಮ ಅಂತ ಹೇಳಿ ಹೋದನಂತೆ. “ನೋಡ್ಬೇಕಿತ್ತು” ಅಂದ ಅವನು ಸೋಮವಾರ. ಇಷ್ಟು ಹೇಳಿ ಎದ್ದುಹೋಗಿ ನಲ್ಲಿಯ ಕೆಳಗೆ ಲೋಟ ತೊಳೆಯುತ್ತ ನಿಂತ.

ಮುಂದಿನ ಮಂಗಳವಾರ ಸಂಘದ ಸಭೆ. ನನ್ನ ಹೆಸರನ್ನು ಮೊದಲು ಕರೆಯುತ್ತೇನೆ ಎಂದಿದ್ದಾನೆ. ಎದ್ದು ನಿಂತು ಹೇಳುತ್ತೇನೆ, ಅವತ್ತು ಇದ್ದವರಲ್ಲಿ ಬದುಕಿರುವ ಎಲ್ಲರಿಗೂ ಬರಲು ಹೇಳಿದ್ದೇನೆ. ಡಸ್ಟಿಗೂ ಪತ್ರ ಬರೆಯುತ್ತೇನೆ, ಅವನ ಈಗಿನ ವಿಳಾಸ ನಿನಗೆ ಗೊತ್ತಿದ್ದರೆ ಕಳಿಸು. ಗೊತ್ತಿದ್ದೂ ಕಳಿಸದಿದ್ದರೆ ಅದೂ ಸರಿ. ಪೆಟ್ಟಿಗೆ, ಕಾರ್ಡು, ಹೆಸರಿನ ರಟ್ಟು ಎಲ್ಲ ಇದರ ಜೊತೆ ಬರುತ್ತದೆ. ಮಾರು, ಎಸೆ, ಕುದುರೆಯ ಕೊರಳಿಗೆ ಕಟ್ಟು. ನನಗೆ ಅದರ ವಿಷಯ ಬರೆಯಬೇಡ.

ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ, ಕೇಳುವುದೂ ಇಲ್ಲ. ನಿನ್ನೆ ನೀನು ಕೇಳಿದ್ದಕ್ಕೆ ಮಾತ್ರ ಉದ್ದದ ಉತ್ತರ ಇದು. ಅಮ್ಮ ಕೊನೆಯಲ್ಲಿ ನಿನ್ನ ವಿಷಯ ಏನೂ ಹೇಳಲಿಲ್ಲ. ಆ ಮೂರು ದಿನ ಅವಳಿಗೆ ಉಸಿರಾಡುವುದೇ ಕೆಲಸವಾಗಿತ್ತು. ಅವಳ ಮನಸ್ಸಿನಲ್ಲಿ ನಿನ್ನ ಬಗ್ಗೆ ಏನಾದರೂ ಕಹಿ ಉಳಿದಿದ್ದರೆ ಅದನ್ನು ಹಾಕಿದವನು ನಾನು, ನೀನಲ್ಲ. ಹೂಳುವ ದಿನ ನೀನು ಎಲ್ಲರ ಹಿಂದೆ, ಆ ಒಣ ಮರದ ಹತ್ತಿರ ನಿಂತಿದ್ದೆಯಲ್ಲ, ಮುಂದೆ ಬಾ ಎಂದು ಕರೆಯಬೇಕಾದವನೂ ನಾನೇ ಆಗಿದ್ದೆ. ಕರೆಯಲಿಲ್ಲ, ಯಾಕೆಂದರೆ

ನೋಡು, ಬರೆಯುತ್ತ ಗಮನಿಸಲೇ ಇಲ್ಲ. ಬಿಸಿಲು ಬೆಟ್ಟದ ಹಿಂದಕ್ಕೆ ಇಳಿದಿದೆ, ಕಾಗದದ ಗೆರೆ ಕಾಣುತ್ತಿಲ್ಲ, ಎರಡು ಸಾಲು ಒಂದರ ಮೇಲೊಂದು ಬಿದ್ದಿರಬೇಕು. ದೀಪ ಹಾಕಬಹುದು. ಹಾಕಿದರೆ ಇದನ್ನೆಲ್ಲ ಓದಿ ನೋಡುತ್ತೇನೆ, ಓದಿ ನೋಡಿದರೆ ಹರಿದುಹಾಕುತ್ತೇನೆ. ಆದ್ದರಿಂದ ಕತ್ತಲಲ್ಲೇ ಮಡಿಸುತ್ತಿದ್ದೇನೆ.

ನಿನ್ನ ಅಪ್ಪ,
ಪೆಯೋ ಇರಿಬಾರ್ನ್

ಮರೆತದ್ದು: ಗುರುವಾರ ಬೆಳಿಗ್ಗೆ. ಅಂಚೆ ಕಚೇರಿಯ ಮುಂದೆ ಕಾರಿನಲ್ಲಿ ಕೂತಿದ್ದೇನೆ, ಬಾಗಿಲು ತೆಗೆಯಲು ಇನ್ನೂ ಕಾಲು ಗಂಟೆ ಇದೆ. ಮರೆತದ್ದು ಎಂದು ಬರೆದೆ, ಮರೆತದ್ದಲ್ಲ. ಅಮ್ಮನಿಗೆ ಮಾತು ನಿಂತದ್ದು ಕೊನೆಯ ದಿನ ಮಾತ್ರ. ಹಿಂದಿನ ದಿನ ಮಧ್ಯಾಹ್ನ, ನರ್ಸು ಊಟದ ತಟ್ಟೆ ತೆಗೆದುಕೊಂಡು ಹೋದ ಮೇಲೆ, “ಪೀಟ್, ಆ ಡಬ್ಬೀನ ಗ್ರಾಶೀನೇ ಬಿಚ್ಚಿದ್ದಾ? ನಿಜ ಹೇಳು” ಅಂದಳು. ನಾನು “ಹೂಂ” ಅಂದೆ. ಅವಳು ಕಣ್ಣು ಮುಚ್ಚಿದಳು. ನಿದ್ದೆ ಬಂತು ಎಂದುಕೊಂಡೆ. ಆಮೇಲೆ, “ಆಗ್ಲಿ ಬಿಡು. ನಾನು ಕ್ಷಮಿಸಿದೀನಿ ಅಂತ ಅವಳಿಗೆ ಹೇಳು. ಇವತ್ತೇ ಫೋನ್ ಮಾಡು, ಬಾ ಅನ್ನು” ಅಂದಳು. ನೀನು ಮಾಡದ ತಪ್ಪಿನ ಕ್ಷಮೆಯನ್ನು ನಿನಗೆ ಮುಟ್ಟಿಸಲು ನನಗೆ ಬಾಯಿ ಬರಲಿಲ್ಲ. ಫೋನ್ ಮಾಡಲಿಲ್ಲ. ವಿನ್ನೆಮಕ್ಕದಿಂದ ಮೂರು ಗಂಟೆಯ ದಾರಿ. ಅವಳು ಮರುದಿನ ಸಂಜೆಯವರೆಗೂ ಇದ್ದಳು, ಬಾಗಿಲು ಸದ್ದಾದಾಗಲೆಲ್ಲ ಆ ಕಡೆ ತಿರುಗಿ ನೋಡುತ್ತಿದ್ದಳು.